ಸೇತುವೆಯಕ್ಕನಿಗೆ ಸಿಕ್ಕ ಉತ್ತರ

ಆ ಊರಿನ ನಗರಸಭೆಯಲ್ಲಿ ವರ್ಷಕ್ಕೊಮ್ಮೆ ಗುರಿ ಸಭೆ ನಡೆಯುತ್ತದೆ. ಬರುವ ವರ್ಷ ಊರು ಎಷ್ಟು ಬೆಳೆಯಬೇಕು, ಯಾವ ರಸ್ತೆ ಅಗಲವಾಗಬೇಕು, ಎಲ್ಲಿ ನೀರಿನ ಟ್ಯಾಂಕು ಏಳಬೇಕು ಎಂಬುದೆಲ್ಲ ಅಲ್ಲಿಯೇ ತೀರ್ಮಾನ. ಪ್ರತಿಯೊಬ್ಬ ಸದಸ್ಯರೂ ಎದ್ದು ನಿಂತು ತಮ್ಮ ವಾರ್ಡಿಗೆ ಒಂದೇ ಒಂದು ಕೆಲಸ ಕೇಳಬೇಕು, ಎಂಜಿನಿಯರು ಅಲ್ಲೇ ಎದ್ದು ಉತ್ತರ ಹೇಳಬೇಕು. ಉತ್ತರವಾದರೂ ಎಂಥದ್ದು? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ "ನೋಡೋಣ" ಅನ್ನುವುದು. ನೋಡೋಣ ಎಂದ ಎಂಜಿನಿಯರುಗಳು ಒಬ್ಬೊಬ್ಬರಾಗಿ ನಿವೃತ್ತರಾದರು. ನೋಡಿದವರು ಮಾತ್ರ ಯಾರೂ ಇಲ್ಲ.

ಹೀಗೆ ಅತಿ ಹೆಚ್ಚು "ನೋಡೋಣ" ಗಳಿಸಿದವರು ಹಳ್ಳದ ಬದಿಯ ವಾರ್ಡಿನ ಸದಸ್ಯೆ. ಗೆದ್ದ ಲಾಗಾಯ್ತಿನಿಂದ ಅವರು ಕೇಳುತ್ತಿದ್ದುದು ಹಳ್ಳಕ್ಕೊಂದು ಕಾಲುಸೇತುವೆ. ಆಸ್ಪತ್ರೆ ಆಚೆ ದಡದಲ್ಲಿ ಕಣ್ಣಿಗೆ ಕಾಣುತ್ತದೆ, ಹೋಗಬೇಕಾದರೆ ಮಾತ್ರ ದೊಡ್ಡ ರಸ್ತೆ ಸುತ್ತಬೇಕು. ಬಸುರಿಯರು, ಮಂಡಿನೋವಿನವರು, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡವರು ಎಲ್ಲರೂ ಸುತ್ತಿಯೇ ಹೋಗುತ್ತಿದ್ದರು. ಕೇಳಿ ಕೇಳಿ ಅವರಿಗೆ ಸೇತುವೆಯಕ್ಕ ಎಂದೇ ಹೆಸರು ಬಿತ್ತು. ಸೇತುವೆ ಬರಲಿಲ್ಲ, ಹೆಸರು ಬಂತು.

ಈ ವರ್ಷ ನಗರಸಭೆಗೆ ಹೊಸ ಎಂಜಿನಿಯರು ವರ್ಗವಾಗಿ ಬಂದಳು. ಬಂದವಳು ಯಾರು ಅಂತೀರಿ? ಸೇತುವೆಯಕ್ಕನ ಸ್ವಂತ ಸೊಸೆ. ವಾರ್ಡಿನ ಜನಕ್ಕೆ ಹಿಡಿಯಲಾರದಷ್ಟು ಸಂತೋಷ. ಇನ್ನು ಸೇತುವೆ ಅಡುಗೆಮನೆಯಲ್ಲೇ ಪಾಸಾಗುತ್ತದೆ ಎಂದು ಎಲ್ಲರೂ ನಂಬಿಕೊಂಡರು.

ಅವರಿಗೇನು ಗೊತ್ತು, ಆ ಅಡುಗೆಮನೆಯಲ್ಲಿ ನಗರಸಭೆಯ ಹೆಸರೆತ್ತುವ ಹಾಗೇ ಇರಲಿಲ್ಲ. ಸೊಸೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಅತ್ತೆ ಸೊಸೆ ಇಬ್ಬರೂ ಚರಂಡಿ ಮುಚ್ಚಳದ ವಿಷಯಕ್ಕೆ ವಾದ ಹಚ್ಚಿಕೊಂಡು, ಬಡಿಸಿದ ಊಟ ಆರಿ ತಣ್ಣಗಾಗಿತ್ತು. ಹಸಿದು ಕೂತಿದ್ದ ಮಗ, ಬಸ್ಸಿನ ಚಾಲಕ, ಆವತ್ತು ಒಂದು ಕಾನೂನು ಮಾಡಿದ. ಬಸ್ಸಿನಲ್ಲಿ ಚಾಲಕನ ಜೊತೆ ಮಾತಾಡಬಾರದು ಎಂದು ಬರೆದಿರುತ್ತದಲ್ಲ, ಹಾಗೆಯೇ ಈ ಮನೆಯಲ್ಲಿ ನಗರಸಭೆಯ ಮಾತಾಡಬಾರದು. ಆಡಲೇಬೇಕೆಂದರೆ ಆ ಹೊತ್ತಿನ ಪಾತ್ರೆಯೆಲ್ಲ ಮಾತೆತ್ತುವವರೇ ತೊಳೆಯಬೇಕು, ಮೊದಲು ಪಾತ್ರೆ ಆಮೇಲೆ ಮಾತು. ಇಬ್ಬರೂ ನಕ್ಕು ಒಪ್ಪಿದರು. ಅಂದಿನಿಂದ ಮನೆ ತಣ್ಣಗಿತ್ತು, ಊಟ ಬಿಸಿಯಾಗಿತ್ತು.

ಸೊಸೆಗೆ ಆ ಮನೆ ಎಂದರೆ ಪ್ರಾಣ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ಹಾಸ್ಟೆಲ್ಲುಗಳಲ್ಲಿ ಬೆಳೆದವಳು ಅವಳು. ಊಟ ಮಾಡಿದೆಯಾ ಎಂದು ಕೇಳುವ ಒಂದು ಜೀವ ಇರುವುದೆಂದರೆ ಏನು ಎಂಬುದು ಅವಳಿಗೆ ಗೊತ್ತಾದದ್ದು ಮದುವೆಯಾದ ಮೇಲೆ, ಅದೂ ಗಂಡನಿಂದಲ್ಲ, ಅತ್ತೆಯಿಂದ. ಅವಳಿಗೆ ತಡವಾದ ದಿನ ಅತ್ತೆ ತಾವೂ ಉಣ್ಣದೆ ಬಾಗಿಲ ಬಳಿಯ ಕುರ್ಚಿಯಲ್ಲಿ ತೂಕಡಿಸುತ್ತ ಕಾಯುತ್ತಿದ್ದರು. ಕೇಳಿದರೆ, ಹಸಿವಿರಲಿಲ್ಲ ಎಂದು ಸುಳ್ಳು ಹೇಳುತ್ತಿದ್ದರು.

ಅಂಥ ಅತ್ತೆಯ ಸೇತುವೆಗೆಂದು ಅವಳು ಹಳ್ಳದ ಎರಡೂ ದಡದಲ್ಲಿ ಗುಂಡಿ ತೋಡಿಸಿ ಮಣ್ಣು ನೋಡಿದಳು. ಆಚೆ ದಡ ಗಟ್ಟಿ. ಈಚೆ ದಡದಲ್ಲಿ, ಅಂದರೆ ಅತ್ತೆಯ ಬೀದಿಯ ಕಡೆ, ಮಣ್ಣೇ ಇರಲಿಲ್ಲ. ಯಾವ ಕಾಲದಲ್ಲೋ ಊರಿನ ಕಸ ಸುರಿದು ಮೇಲೆ ಮಣ್ಣೆಳೆದಿದ್ದರು. ಕಬ್ಬಿಣದ ಸಲಾಕೆಯನ್ನು ಕೈಯಲ್ಲಿ ಒತ್ತಿದರೆ ಹಿಡಿಯವರೆಗೂ ಇಳಿಯುತ್ತಿತ್ತು. ಅದರ ಮೇಲೆ ಸೇತುವೆ ನಿಲ್ಲಿಸಿದರೆ ಮೊದಲ ಪ್ರವಾಹಕ್ಕೇ ಜನರ ಸಮೇತ ಹಳ್ಳಕ್ಕೆ ಬೀಳುತ್ತದೆ. ಮೊದಲು ದಡಕ್ಕೆ ತಡೆಗೋಡೆ ಏಳಬೇಕು, ಅದೇ ಒಂದು ವರ್ಷದ ಕೆಲಸ. ಅವಳು ಜಾಗ ಬದಲಿಸಿ ಮತ್ತೆ ತೋಡಿಸಿದಳು. ಮಣ್ಣಿಗೆ ಅತ್ತೆ ಸೊಸೆ ಎಂಬ ದಾಕ್ಷಿಣ್ಯ ಇರುತ್ತದೆಯೇ?

ಈಗ ಅವಳಿಗೆ ಬಾಯಲ್ಲಿ ಬಿಸಿ ತುಪ್ಪ. ಆಗಲ್ಲ ಎಂದರೆ ಇಡೀ ಬೀದಿಯ ಮುಂದೆ ಅತ್ತೆಯ ಮುಖಭಂಗ. ಆಗುತ್ತದೆ ಎನ್ನಲು ಮನಸ್ಸು ಒಪ್ಪದು. ಉಳಿದದ್ದು ಹಳೆಯ ಮಂತ್ರ, ನೋಡೋಣ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಆ ಮಾತು ಕೇಳಿ ಬಂದ ದಿನಗಳಲ್ಲಿ ಅತ್ತೆ ಹೇಗೆ ಮಂಕಾಗಿ ಕೂತಿರುತ್ತಿದ್ದರು ಎಂದು ಗಂಡ ಹೇಳಿದ್ದ.

ಸಭೆಯ ಹಿಂದಿನ ಸಂಜೆ ಊಟವಾದದ್ದೇ ಅವಳು ತೋಳೇರಿಸಿ ಸಿಂಕಿನ ಮುಂದೆ ನಿಂತಳು. ಮುಂಚೆಯೇ ಹೇಳಿಬಿಟ್ಟರೆ ಅತ್ತೆ ಬೇರೇನಾದರೂ ಕೇಳಬಹುದು, ಮಾನ ಉಳಿಯಬಹುದು ಎಂದು ಅವಳ ಲೆಕ್ಕ. ಅತ್ತೆ ಹಿಂದಿನಿಂದ ಬಂದು ನಲ್ಲಿ ನಿಲ್ಲಿಸಿದರು.

"ಇವತ್ತು ನನ್ನ ಸರದಿ ಅಲ್ವಾ?"

"ಇರ್ಲಿ ಅತ್ತೆ, ನಾನೇ ತೊಳೀತೀನಿ."

"ಬೇಡ. ತೊಳೆದ್ರೆ ನೀನು ಹೇಳ್ತೀಯ. ಹೇಳಿದ್ರೆ ನಾಳೆ ನಾನು ಗೊತ್ತಿಲ್ಲದವಳ ಹಾಗೆ ನಾಟಕ ಆಡ್ಬೇಕು. ಈ ವಯಸ್ಸಲ್ಲಿ ಅದು ನನ್ನ ಕೈಲಾಗಲ್ಲ."

ನೀರು ಕುಡಿಯಲೆಂದು ಬಂದ ಗಂಡ ಇಬ್ಬರನ್ನೂ ನೋಡಿ, ಕಿರುದಾರಿಯಲ್ಲಿ ಸಿಕ್ಕ ಬಸ್ಸಿನಂತೆ ಹಾಗೇ ಹಿಂದಕ್ಕೆ ಸರಿದ. ಸೊಸೆ ಕೈ ಒರೆಸಿಕೊಂಡಳು. ಅತ್ತೆಗೆ ವಿಷಯ ಅರ್ಥವಾಯಿತೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.

ಮರುದಿನ ಸಭಾಂಗಣದ ಹಿಂದಿನ ಸಾಲುಗಳಲ್ಲಿ ಹಳ್ಳದ ಬೀದಿಯ ಅರ್ಧ ಜನ ಬಂದು ಕೂತಿದ್ದರು. ಗಡಿಯಾರದ ಅಂಗಡಿ ಇಟ್ಟಿದ್ದ ಸದಸ್ಯರೊಬ್ಬರು ಬೀದಿದೀಪ ಕೇಳಿ ಪಡೆದರು. ಆಮೇಲೆ ಸೇತುವೆಯಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು ಎದ್ದರು. ಮಂಡಿ ನೋಯುವಾಗ ಅವರು ಹಾಗೆಯೇ ಏಳುವುದು.

"ಎಂಜಿನಿಯರರೇ, ನಮ್ಮ ಹಳ್ಳಕ್ಕೆ ಕಾಲುಸೇತುವೆ ಈ ವರ್ಷ ಆಗುತ್ತಾ?"

ನೋಡೋಣ ಎಂಬುದು ಸೊಸೆಯ ನಾಲಿಗೆಯ ತುದಿಗೇ ಬಂದಿತ್ತು. ಕುರ್ಚಿ ಹಿಡಿದಿದ್ದ ಆ ಕೈ ಅವಳ ಕಣ್ಣಿಗೆ ಬಿತ್ತು. ಸೇತುವೆ ಆದರೆ ಎಲ್ಲರಿಗಿಂತ ಮೊದಲು ಅದರ ಮೇಲೆ ನಡೆಯುವವರು ಇವರೇ ಎಂದು ಅವಳಿಗೆ ಹೊಳೆಯಿತು.

"ಇಲ್ಲ ಸದಸ್ಯರೇ. ಈ ವರ್ಷ ಆಗಲ್ಲ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಡಿಯಾರದವರು ಗೊಣಗಿದರು, ಮುಂದಿನ ಸಾಲು ನಕ್ಕಿತು. ಅಧ್ಯಕ್ಷರು ಮುಂದಿನವರನ್ನು ಕರೆದರು. ಸೇತುವೆಯಕ್ಕ ಕೂರಲಿಲ್ಲ. ಉತ್ತರ ಇನ್ನೂ ಮುಗಿದಿಲ್ಲ, ಯಾಕೆ ಆಗುವುದಿಲ್ಲವೆಂದು ಹೇಳಲಿ ಎಂದರು. ಸೊಸೆ ಹೇಳಿದಳು, ಕಸದ ದಡ, ಇಳಿದುಹೋಗುವ ಸಲಾಕೆ, ಮೊದಲು ಬೇಕಾದ ತಡೆಗೋಡೆ.

"ಹಾಗಾದ್ರೆ ನನ್ನ ವಾರ್ಡಿಗೆ ಸೇತುವೆ ತೆಗೆದು ಗೋಡೆ ಅಂತ ಬರೀರಿ," ಎಂದರು ಸೇತುವೆಯಕ್ಕ. "ಇಷ್ಟು ವರ್ಷ ನನಗೆ ಎಲ್ಲರೂ ನೋಡೋಣ ಅಂದ್ರು. ಆಗಲ್ಲ ಅನ್ನೋಷ್ಟಾದ್ರೂ ನೋಡಿದವರು ಇವರೊಬ್ಬರೇ."

ಅಷ್ಟು ಹೇಳಿ ಕೂತರು. ಸೊಸೆಯ ಕಡೆ ಮಾತ್ರ ತಿರುಗಿ ನೋಡಲಿಲ್ಲ. ಸಭೆ ಮುಗಿಯುವ ಮೊದಲೇ ತಮ್ಮ ಬೀದಿಯವರ ಹಿಂದೆ ಎದ್ದು ಹೋದರು. ಜನರ ಮುಖ ಜೋಲುಬಿದ್ದಿತ್ತು.

ಅದು ಸದಸ್ಯೆಯ ಮಾತಾಯಿತು. ಅತ್ತೆಯ ಮಾತು ಏನು? ಆ ಯೋಚನೆಯಲ್ಲೇ ಸೊಸೆ ಮನೆಗೆ ಬಂದಳು. ಬಾಗಿಲ ಬಳಿಯ ಕುರ್ಚಿ ಖಾಲಿ. ಸಿಂಕಿನಲ್ಲಿ ಬೆಳಗಿನ ಪಾತ್ರೆ ಹಾಗೇ ರಾಶಿ ಬಿದ್ದಿತ್ತು. ಅಮ್ಮ ಬೀದಿಯವರಿಗೆ ವಿಷಯ ತಿಳಿಸಲು ಮನೆಮನೆಗೆ ಹೋಗಿದ್ದಾರೆ, ಬಂದ ಮೇಲೆ ನಿನ್ನ ಹತ್ತಿರ ಮಾತಾಡಬೇಕಂತೆ ಎಂದು ಗಂಡ ತಗ್ಗಿದ ದನಿಯಲ್ಲಿ ಹೇಳಿದ. ಅವಳು ಬಟ್ಟೆಯನ್ನೂ ಬದಲಿಸದೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು.

ಅತ್ತೆ ಬಂದರು. ಚಪ್ಪಲಿ ಬಿಟ್ಟು, ಗೋಡೆ ಹಿಡಿದು ನಡೆದು, ನೇರವಾಗಿ ಸಿಂಕಿಗೆ ಹೋಗಿ ತೋಳೇರಿಸಿದರು.

"ಅತ್ತೆ, ನಾನು..."

"ನೀನು ಕೂತ್ಕೋ. ಮೊದಲು ಪಾತ್ರೆ."

ಒಂದೊಂದೇ ಪಾತ್ರೆ ಉಜ್ಜಿ, ತೊಳೆದು, ಬೋರಲು ಹಾಕಿದರು. ರಾಶಿ ಮುಗಿದ ಮೇಲೆ, ಬೆನ್ನು ತಿರುಗಿಸದೆಯೇ ಮಾತು ಶುರು ಮಾಡಿದರು. ಬೀದಿಯಲ್ಲಿ ಒಬ್ಬರು ಬೈದರಂತೆ, ಒಬ್ಬರು ಬಾಗಿಲನ್ನೇ ತೆಗೆಯಲಿಲ್ಲವಂತೆ. ಮೂಲೆ ಮನೆಯ ಬಡಗಿ ಮಾತ್ರ, ಸೊಸೆ ಹಗೆ ತೀರಿಸಿಕೊಂಡಳಾ ಎಂದು ಕೇಳಿದನಂತೆ.

"ನೀವೇನಂದ್ರಿ?"

"ಅವಳಿಗೆ ನನ್ನನ್ನ ಹಳ್ಳಕ್ಕೆ ನೂಕೋ ಆಸೆ ಇದ್ದಿದ್ರೆ ಇವತ್ತೇ ಸೇತುವೆ ಕೊಡ್ತಿದ್ಲು ಕಣಯ್ಯ ಅಂದೆ."

ಸೊಸೆಗೆ ಬೆಳಗಿನಿಂದ ತಡೆದಿಟ್ಟ ಅಳು ಬಂದುಬಿಟ್ಟಿತು. ಅತ್ತೆ ಈಗ ತಿರುಗಿದರು. ಒದ್ದೆ ಕೈಯಿಂದಲೇ ಅವಳ ಕೆನ್ನೆ ಒರೆಸಲು ಹೋಗಿ ಇನ್ನಷ್ಟು ಒದ್ದೆ ಮಾಡಿದರು. ಗೋಡೆ ಎಷ್ಟು ಎತ್ತರ ಬರುತ್ತದೆ, ಮೇಲೆ ಕೂರುವುದಕ್ಕೆ ಆಗುತ್ತದಾ, ಮುಂದಿನ ವರ್ಷ ಸೇತುವೆಗೆ ಮೆಟ್ಟಿಲಿರುತ್ತದಾ ಇಳಿಜಾರು ಇರುತ್ತದಾ ಎಂದು ಒಂದೇ ಸಮನೆ ಕೇಳತೊಡಗಿದರು. ಅವಳು ಮೂಗು ಸೇದುತ್ತ ಒಂದೊಂದಕ್ಕೂ ಉತ್ತರ ಹೇಳಿದಳು. ಮೆಟ್ಟಿಲಿಲ್ಲ ಅತ್ತೆ, ಇಳಿಜಾರೇ ಮಾಡಿಸ್ತೀನಿ ಎಂದಳು.

ಅತ್ತೆ ಒಂದು ಕ್ಷಣ ಯೋಚಿಸಿ, ಕಪಾಟಿನಿಂದ ಫಳಫಳ ಹೊಳೆಯುತ್ತಿದ್ದ ದೊಡ್ಡ ಪಾತ್ರೆಗಳನ್ನೆಲ್ಲ ಇಳಿಸಿ ಸಿಂಕಿಗೆ ಹಾಕಿದರು. ಬಾಗಿಲಲ್ಲಿ ಇಣುಕಿದ ಮಗ, ಅಮ್ಮ, ಅವೆಲ್ಲ ತೊಳೆದಿರೋವು ಎಂದ.

"ಗೊತ್ತು ಕಣೋ," ಎಂದು ಅವರು ನಲ್ಲಿ ತಿರುಗಿಸಿದರು. "ನಂಗಿನ್ನೂ ಇವಳ ಹತ್ರ ಕೇಳೋದಿದೆ."