ಕೆಂಪು ಚಟ್ನಿ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಯಾರೋ ಏನೋ, ಅವನಂತೂ ನಂಜನಗೂಡಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡಿದವನಲ್ಲ. ವಾಣಿ ಮಾಡುತ್ತಿದ್ದಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯ ಒಂದು ಲ್ಯಾಬಿನಲ್ಲಿ ಬೆಳಗಿನ ಹೊತ್ತು ಜನರ ತೋಳಿಗೆ ರಬ್ಬರು ಬಿಗಿದು, ಸೂಜಿ ಚುಚ್ಚಿ, ಮಧ್ಯಾಹ್ನದ ಹೊತ್ತಿಗೆ ಅವರವರ ಸಕ್ಕರೆ, ಕೊಬ್ಬು, ಥೈರಾಯ್ಡು ಎಲ್ಲವನ್ನೂ ಕಾಗದಕ್ಕಿಳಿಸಿ ಕೊಡುವವಳು ಅವಳೇ. ಇದರಿಂದ ಆದದ್ದೇನೆಂದರೆ, ಊರಿನ ಯಾವ ಹೋಟೆಲಿಗೆ ಹೋಗಿ ಕೂತರೂ ಯಾರಾದರೊಬ್ಬರು ಜಾಮೂನಿನ ಬಟ್ಟಲನ್ನು ಪೇಪರಿನ ಮರೆಗೆ ಸರಿಸುವರು. ಇನ್ನೊಬ್ಬರು ಎದ್ದು ಬಂದು, ಇವತ್ತೊಂದೇ ದಿನ ತಿಂತಿರೋದು, ನಮ್ಮ ಮನೆಯವಳಿಗೆ ಹೇಳಬೇಡ ಎಂದು ದುಂಬಾಲು ಬೀಳುವರು. ಮತ್ತೊಬ್ಬರು ಕೈ ತೊಳೆಯುವ ಜಾಗದಲ್ಲೇ ಅಡ್ಡಗಟ್ಟಿ, ಪೊಂಗಲ್ ತಿಂದರೆ ಏನಾದರೂ ಆಗುತ್ತದೆಯೇ ಎಂದು ಕೇಳುವರು. ಪೊಲೀಸರನ್ನು ಕಂಡರೂ ಜನ ಇಷ್ಟು ಗಾಬರಿಬೀಳುವುದಿಲ್ಲ.

ಹಾಗಾಗಿ ಭಾನುವಾರ ಬಂತೆಂದರೆ ವಾಣಿ ತಿ. ನರಸೀಪುರದ ಬಸ್ಸು ಹತ್ತುತ್ತಿದ್ದಳು. ಅಲ್ಲಿಯವರ ರಕ್ತ ಅಲ್ಲಿಯವರೇ ತೆಗೆದುಕೊಳ್ಳುತ್ತಿದ್ದರು. ಅವಳ ಮುಖದ ಪರಿಚಯ ಯಾರಿಗೂ ಇರಲಿಲ್ಲ. ಬಸ್ಸಿಳಿದು, ಮಾರ್ಕೆಟ್ಟಿನ ಪಕ್ಕದ ಹೋಟೆಲಿನಲ್ಲಿ ತಿಂಡಿ ತಿಂದು, ಎರಡು ಹೊಳೆ ಕೂಡುವಲ್ಲಿಗೆ ನಡೆದುಹೋಗಿ, ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಬಿಸಿಲೇರುವ ಮುಂಚೆ ವಾಪಸಾಗುವುದು. ಮನಸ್ಸಾದರೆ ತಲಕಾಡಿನವರೆಗೂ ಹೋಗಿ ಬರುವುದು. ಹೆಂಗಸೊಬ್ಬಳು ಒಂಟಿಯಾಗಿ ಹೋಟೆಲಿನಲ್ಲಿ ಕೂತು ದೋಸೆ ಮುರಿಯುವುದನ್ನು ಮೊದಮೊದಲು ಜನ ಕಣ್ಣರಳಿಸಿ ನೋಡಿದರು. ಆಮೇಲೆ ಅವರಿಗೇ ಬೇಜಾರಾಯಿತು.

ವಾಣಿಗೆ ಅಭಿಪ್ರಾಯಗಳು ಹೇರಳವಾಗಿದ್ದವು. ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ, ಆ ಊರಿನವರಿಗೆ ಅಭಿಪ್ರಾಯ ಹೇಳದಿದ್ದರೆ ಉಂಡ ಅನ್ನ ಅರಗದು. ಕಾಯಿ ಉಳಿಸಲು ಹುರಿಗಡಲೆ ಸುರಿದು ಅರೆದ ಚಟ್ನಿ ಮೋಸ. ಕಾಗದದ ಲೋಟದಲ್ಲಿ ಕೊಟ್ಟದ್ದು ಕಾಫಿಯಲ್ಲ. ಉಪ್ಪಿಟ್ಟು ಹೇಳದೆ ಕೇಳದೆ ಬಂದ ನೆಂಟರಿಗೆ ಮಾಡುವ ತಿಂಡಿ, ಅದನ್ನು ದುಡ್ಡು ಕೊಟ್ಟು ತಿನ್ನುವವರಿಗೆ ತಲೆ ಕೆಟ್ಟಿರಬೇಕು. ತಲಕಾಡಿನ ಮರಳಿನಲ್ಲಿ ಹೈಹೀಲ್ಡು ಹಾಕಿಕೊಂಡು ನಡೆದು, ಆಮೇಲೆ ದೇವರನ್ನು ಬೈಯುವವರ ಮೇಲೂ ಅವಳಿಗೆ ಕನಿಕರವಿರಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಅಭಿಪ್ರಾಯ ಮಸಾಲೆ ದೋಸೆಯದು. ಒಳಗೆ ಬೆಳ್ಳುಳ್ಳಿ ಹಾಕಿ ತರಿತರಿಯಾಗಿ ಅರೆದ ಕೆಂಪು ಚಟ್ನಿ ಸವರಿರಬೇಕು, ಅದಿಲ್ಲದಿದ್ದರೆ ಅದಕ್ಕೆ ಮಸಾಲೆ ದೋಸೆ ಎನ್ನುವ ಹಕ್ಕಿಲ್ಲ.

ಈ ಚಟ್ನಿಯ ಹಟಕ್ಕೆ ಕಾರಣವಿತ್ತು. ಅವಳ ಅಪ್ಪ ಹೊಟ್ಟೆಯ ಹುಣ್ಣಿನಿಂದ ಹಾಸಿಗೆ ಹಿಡಿದು ಬಹಳ ವರ್ಷ ನರಳಿದರು. ಅವರಿಗೆ ಖಾರ ಆಗುತ್ತಿರಲಿಲ್ಲ. ಇಬ್ಬರಿಗೆ ಎರಡು ಅಡುಗೆ ಯಾರು ಮಾಡುತ್ತಾರೆ? ವಾಣಿಯೂ ಅದೇ ಸಪ್ಪೆ ಬೇಳೆ, ಅದೇ ಮೊಸರನ್ನ ಉಂಡಳು. ಬಂದ ನೆಂಟರು, ಈ ಹುಡುಗಿಗೆ ಖಾರವೇ ಸೇರುವುದಿಲ್ಲ ಎಂದು ಮಾತಾಡಿಕೊಂಡರು, ಅವಳು ಇಲ್ಲವೆನ್ನಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಅಪ್ಪನ ಕಾಯಿಲೆ ಅಡ್ಡ ಬಂತು, ಆಮೇಲೆ ಮಾತೇ ಬರುವುದು ನಿಂತಿತು. ಅಪ್ಪ ತೀರಿಕೊಂಡು, ಕಾರ್ಯವೆಲ್ಲ ಮುಗಿದ ಮೇಲೆ ಒಂದು ದಿನ ಅವಳು ಯಾರಿಗೂ ಹೇಳದೆ ಹೋಗಿ ಮಸಾಲೆ ದೋಸೆ ತಿಂದಳು. ಕಣ್ಣು ಮೂಗಲ್ಲೆಲ್ಲ ನೀರು. ಅಪ್ಪ ಸತ್ತಿದ್ದಾರೆ, ತನಗೆ ಇಷ್ಟು ಸಂತೋಷವಾಗಬಾರದು ಎನ್ನಿಸಿತು. ಆದರೆ ಸಂತೋಷವಾಯಿತು, ಏನು ಮಾಡುವುದು.

ನರಸೀಪುರದ ಆ ಹೋಟೆಲಿನಲ್ಲಿ ಪುಟ್ಟಸ್ವಾಮಿ ಎಂಬ ಸಪ್ಲೈಯರ್ ಇದ್ದ. ಐವತ್ತು ದಾಟಿದವನು, ಹೆಗಲ ಮೇಲೊಂದು ಬಟ್ಟೆ. ಮೇಜು ಒರೆಸಿ, ನೀರು ಇಟ್ಟು, "ಏನ್ ಕೊಡ್ಲಿ ಮೇಡಮ್ಮೋರೆ?" ಎನ್ನುವನು. ವಾರಾ ವಾರಾ ಅವಳು ಕೊಡುವ ಉತ್ತರ ಒಂದೇ, ಅದು ಅವನಿಗೂ ಗೊತ್ತು. ಆದರೂ ಅವನು ಕೇಳಬೇಕು, ಅವಳು ಗೋಡೆಯ ಬೋರ್ಡನ್ನೆಲ್ಲ ಓದಿ ಯೋಚಿಸಿ ಹೇಳಬೇಕು. ವಾರವೆಲ್ಲ ಊರಿನವರ ನೂರೆಂಟು ಪ್ರಶ್ನೆಗೆ ಉತ್ತರ ಕೊಟ್ಟರೂ, ನಿನಗೇನು ಬೇಕು ಎಂದು ಅವಳನ್ನು ಕೇಳುವವನು ಪುಟ್ಟಸ್ವಾಮಿ ಒಬ್ಬನೇ.

ಹೀಗಿರುವಾಗ ಸುತ್ತೂರಿನ ಗುರುಬಸಮ್ಮ ಚಿಕ್ಕಮ್ಮ ಒಂದು ಸಂಬಂಧ ತಂದಳು. ವಾಣಿಗೆ ನಲವತ್ತಾರು ತುಂಬಿತ್ತು. ಈ ವಯಸ್ಸಿಗೆ ಯಾಕೆ ಎಂದರೆ, ಈ ವಯಸ್ಸಿಗೇ ಬೇಕಾಗಿರುವುದು ಎಂದಳು ಚಿಕ್ಕಮ್ಮ. ಗಂಡಿನ ಹೆಸರು ಗಂಗಾಧರಸ್ವಾಮಿ. ನರಸೀಪುರದಲ್ಲೇ ಮನೆ. ಕರೆಂಟ್ ಆಫೀಸಿನಲ್ಲಿದ್ದು ಈಚೆಗೆ ರಿಟೈರಾದವರು. ಹೆಂಡತಿ ತೀರಿಕೊಂಡು ಮೂರನೇ ವರ್ಷ ನಡೆಯುತ್ತಿತ್ತು. ಒಬ್ಬಳೇ ಮಗಳು ಶಿವಾನಿ ಮದುವೆಯಾಗಿ ಮೈಸೂರಿನಲ್ಲಿದ್ದಾಳೆ, ಅವಳೇ ಮುಂದೆ ನಿಂತು ಅಪ್ಪನಿಗೆ ಹೆಣ್ಣು ಹುಡುಕುತ್ತಿದ್ದಾಳೆ. ಹೆಣ್ಣು ನೋಡುವ ಶಾಸ್ತ್ರ, ಸಜ್ಜಿಗೆ, ಬಜ್ಜಿ ಏನೂ ಬೇಡ. ನೀನು ಹೇಗೂ ಭಾನುವಾರ ಅಲ್ಲಿಗೆ ಹೋಗುತ್ತೀಯಲ್ಲ, ಅವರೂ ಅದೇ ಹೋಟೆಲಿಗೆ ಬರಲಿ, ನಾಲ್ಕು ವಾರ ಮಾತಾಡಿ ನೋಡಿ, ಒಪ್ಪಿಗೆಯಾದರೆ ಮಠದಲ್ಲಿ ಸರಳವಾಗಿ ಮುಗಿಸೋಣ ಎಂದು ಚಿಕ್ಕಮ್ಮ ತೀರ್ಮಾನ ಮಾಡಿಬಿಟ್ಟಳು. ತನ್ನ ಭಾನುವಾರಕ್ಕೆ ಇನ್ನೊಬ್ಬರು ಬರುವುದು ವಾಣಿಗೆ ಅಷ್ಟೇನೂ ಸರಿಬರಲಿಲ್ಲ. ಆದರೂ ಹೂಂ ಎಂದಳು.

ಅವರು ಬಂದರು. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಹಣೆಯಲ್ಲಿ ತೆಳುವಾಗಿ ವಿಭೂತಿ. ಮೇಜಿನ ಹತ್ತಿರ ನಿಂತು, ಇಲ್ಲಿ ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದರು. ನೀವೇ ಬರಬೇಕಾಗಿತ್ತು ಎಂದಳು ವಾಣಿ. ಇಬ್ಬರಿಗೂ ನಗು ಬಂತು, ಅಲ್ಲಿಗೆ ಅರ್ಧ ಮುಜುಗರ ಕಳೆಯಿತು.

ಮನುಷ್ಯ ಒಳ್ಳೆಯವರು. ಅಷ್ಟೇ ಅಲ್ಲ, ಅಭಿಪ್ರಾಯಗಳಲ್ಲಿ ಅವಳಿಗೆ ಸರಿಜೋಡಿ. ಉಪ್ಪಿಟ್ಟಿನ ಪರವಾಗಿ ಅವರು ವಕೀಲರ ಹಾಗೆ ವಾದಿಸಿದರು. ತಾವು ಕೆಲಸದಲ್ಲಿದ್ದಾಗ ಕರೆಂಟು ಹೋದರೆ ಜನ ಮನೆಯ ಮುಂದೆಯೇ ಬಂದು ಬೈಯುತ್ತಿದ್ದರೆಂದೂ, ಬಂದರೆ ಮಾತ್ರ ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲವೆಂದೂ ನಗುತ್ತಾ ಹೇಳಿದರು. ಹೊಳೆಯ ಹತ್ತಿರ ನಡೆಯುವಾಗ ಬಿಸಿಲಿನ ಕಡೆ ತಾವು ನಡೆದು ಅವಳನ್ನು ನೆರಳಿಗೆ ಬಿಟ್ಟರು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ವಾಣಿ ಬುಧವಾರ, ಗುರುವಾರವೇ, ಭಾನುವಾರ ಇದನ್ನು ಅವರಿಗೆ ಹೇಳಬೇಕು ಎಂದು ಒಂದೊಂದು ಮಾತನ್ನು ಎತ್ತಿಟ್ಟುಕೊಳ್ಳತೊಡಗಿದಳು. ಅವಳಿಗೆ ಅವರು ಹಿಡಿಸಿದ್ದರು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಇನ್ನೇನು ಚಿಕ್ಕಮ್ಮನಿಗೆ ಒಪ್ಪಿಗೆ ಹೇಳಿಬಿಡುವುದರಲ್ಲಿದ್ದಳು.

ಒಂದು ಭಾನುವಾರ ಬಸ್ಸಿನಲ್ಲಿ ಕುಲುಕಾಡಿ ಬಂದು, ಯಾಕೋ ಎದೆ ಉರಿ ಎಂದು ಮಾತಿಗೆ ಹೇಳಿದಳು. ಪುಟ್ಟಸ್ವಾಮಿ ಬಂದು, ಏನ್ ಕೊಡ್ಲಿ ಎಂದ. ಅವಳು ಬಾಯಿ ತೆರೆಯುವ ಮೊದಲೇ ಗಂಗಾಧರಸ್ವಾಮಿ, ಇವರ ದೋಸೆಗೆ ಕೆಂಪು ಚಟ್ನಿ ಹಾಕಬೇಡಪ್ಪ, ಎದೆ ಉರಿಯಂತೆ ಎಂದರು. ವಾಣಿಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತನ್ನ ಎದೆ ಉರಿಯ ಬಗ್ಗೆ ಇನ್ನೊಬ್ಬರು ಯೋಚನೆ ಮಾಡಿ ಎಷ್ಟು ಕಾಲವಾಗಿತ್ತೋ. ಸಪ್ಪೆ ದೋಸೆಯನ್ನು ಅವಳು ಪ್ರೀತಿಯಿಂದಲೇ ತಿಂದಳು.

ಮುಂದಿನ ವಾರ ಎದೆ ಉರಿ ಇರಲಿಲ್ಲ. ಆದರೂ ಅವರು ಪುಟ್ಟಸ್ವಾಮಿಗೆ ಅದನ್ನೇ ಹೇಳಿದರು. ಈಗ ಸರಿಹೋಗಿದೆ ಎಂದಳು ವಾಣಿ. ಸರಿಹೋಯಿತೆಂದು ತಿಂದರೆ ಮತ್ತೆ ಬರುತ್ತದೆ, ಲ್ಯಾಬಿನಲ್ಲಿರುವವರಿಗೆ ನಾನು ಹೇಳಿಕೊಡಬೇಕೇ ಎಂದು ಅವರು ನಕ್ಕರು. ಅವಳೂ ನಕ್ಕಳು. ಇಷ್ಟಕ್ಕೆಲ್ಲ ಮಾತು ಬೆಳೆಸುವುದು ಚೆನ್ನಾಗಿರುವುದಿಲ್ಲ ಎಂದುಕೊಂಡಳು.

ಅದರ ಮುಂದಿನ ಭಾನುವಾರ ಮೈಸೂರಿನಲ್ಲಿ ಸ್ವಲ್ಪ ಕೆಲಸವಿದೆ, ಬರಲಾಗುವುದಿಲ್ಲ ಎಂದು ಅವರು ಫೋನು ಮಾಡಿದರು. ವಾಣಿ ಒಬ್ಬಳೇ ಹೋದಳು. ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಕೂತಾಗಿನಿಂದ ಅವಳ ಧ್ಯಾನವೆಲ್ಲ ಕೆಂಪು ಚಟ್ನಿಯ ಮೇಲೇ ಇತ್ತು. ಮೇಜಿಗೆ ಕೂತಳು, ಗೋಡೆಯ ಬೋರ್ಡು ಓದುತ್ತಾ ಕಾದಳು. ಪುಟ್ಟಸ್ವಾಮಿ ಕೇಳಲು ಬರಲಿಲ್ಲ. ಸ್ವಲ್ಪ ಹೊತ್ತಿಗೆ ತಟ್ಟೆಯನ್ನೇ ತಂದಿಟ್ಟ. ದೋಸೆಯ ಅಂಚು ಎತ್ತಿ ನೋಡಿದರೆ ಒಳಗೆ ಬರೀ ಪಲ್ಯ.

"ನಾನು ಏನೂ ಹೇಳ್ಲೇ ಇಲ್ವಲ್ಲ ಪುಟ್ಟಸ್ವಾಮಿ."

"ಸಾರ್ ಏಳವ್ರೆ ಕಣ್ ಮೇಡಮ್ಮೋರೆ. ನಾನ್ ಇಲ್ದಿದ್ರೂ ಅವ್ರಿಗೆ ಅಂಗೇ ಕೊಡು, ಕೆಂಪ್ ಚಟ್ನಿ ಆಗಕ್ಕಿಲ್ಲ ಅವ್ರಿಗೆ ಅಂತ."

ಒಳ್ಳೆಯ ಕೆಲಸ ಮಾಡಿದವನ ಹಾಗೆ ನಕ್ಕು ಅವನು ಪಕ್ಕದ ಮೇಜಿಗೆ ಹೋದ. ಆ ಮೇಜಿನವರನ್ನು ಏನ್ ಕೊಡ್ಲಿ ಎಂದು ಕೇಳಿದ್ದು ವಾಣಿಗೆ ಕೇಳಿಸಿತು. ತಟ್ಟೆ ವಾಪಸು ಕೊಟ್ಟು ಬೇರೆ ಹೇಳಬಹುದಿತ್ತು. ಆದರೆ ಆಗ ಅವರು ಹೇಳಿದ್ದು ಸುಳ್ಳೆಂದಾಗುತ್ತದೆ; ನಾಳೆ ಮದುವೆಯಾಗುವ ಗಂಡಸನ್ನು ಸಪ್ಲೈಯರ್ ಮುಂದೆ ಸಣ್ಣವರನ್ನಾಗಿ ಮಾಡುವುದೇ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ನುಂಗಿದಳು. ಹೊಳೆಯ ಕಡೆ ಹೋಗದೆ ಸೀದಾ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತ ಮೇಲೆ ಅವಳಿಗೆ ಅಳು ಬಂತು. ಥೂ, ದೋಸೆಗೆ ಅಳುವ ವಯಸ್ಸೇ ಇದು ಎಂದು ತನ್ನನ್ನೇ ಬೈದುಕೊಂಡಳು, ಆದರೂ ಸುತ್ತೂರು ದಾಟುವವರೆಗೆ ಅತ್ತಳು.

ಸಂಜೆ ಚಿಕ್ಕಮ್ಮನಿಗೆ ಫೋನು ಮಾಡಿ, ಈ ಸಂಬಂಧ ಬೇಡ ಎಂದಳು. ಕುಡಿಯುತ್ತಾರೋ ಎಂದು ಚಿಕ್ಕಮ್ಮ ಕೇಳಿದಳು. ಇಲ್ಲ. ಸಿಡುಕರೋ? ಇಲ್ಲ. ಕೈ ಬಿಗಿಯೋ? ಅದೂ ಇಲ್ಲ, ಒಳ್ಳೆಯವರು ಎಂದಳು ವಾಣಿ. ಮತ್ತೇನು ರೋಗ ಎಂದಾಗ, ದೋಸೆಗೆ ಚಟ್ನಿ ಹಾಕಬೇಡ ಎಂದು ಹೇಳಿದರು ಎಂಬ ಮಾತು ಬಾಯಿಂದ ಬಿದ್ದುಹೋಯಿತು.

"ಚಟ್ನಿ ಸಲ್ವಾಗಿ ಗಂಡು ಬ್ಯಾಡ ಅಂದೋರ್ನ ನಾನು ಎಲ್ಲೂ ಕಂಡಿಲ್ಲ ಕಣವ್ವ," ಎಂದಳು ಗುರುಬಸಮ್ಮ. ಆಮೇಲೆ, ಹಾಗಿದ್ದರೆ ನೀನೇ ಅವರಿಗೆ ಹೇಳಿಕೋ, ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಫೋನಿಟ್ಟಳು. ನ್ಯಾಯವಾದ ಮಾತೇ. ವಾಣಿಗೆ ವಾರವೆಲ್ಲ ನಿದ್ದೆ ಸರಿಯಾಗಿ ಬರಲಿಲ್ಲ. ಇಂಥ ಮನುಷ್ಯ ಇನ್ನೊಮ್ಮೆ ಸಿಗುವುದಿಲ್ಲ ಎಂದು ಒಂದು ಮನಸ್ಸು ಹೇಳುತ್ತಿತ್ತು. ಸಿಗದಿದ್ದರೆ ಬೇಡ ಎಂದು ಇನ್ನೊಂದು ಮನಸ್ಸು ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಮುಂದಿನ ಭಾನುವಾರ ಅವಳು ಹೋಟೆಲಿಗೆ ಹೋಗಲಿಲ್ಲ. ಅವರನ್ನು ನೇರವಾಗಿ ಹೊಳೆಯ ಮೆಟ್ಟಿಲಿಗೇ ಬರಹೇಳಿದ್ದಳು. ಕಬಿನಿ ತುಂಬಿ, ಕೆಂಪು ನೀರು ಕಾವೇರಿಗೆ ಸೇರುತ್ತಿತ್ತು. ಸ್ನಾನ ಮಾಡುವವರಿಂದ ದೂರವಾಗಿ ಇಬ್ಬರೂ ಕೂತರು. ವಾಣಿ ಸುತ್ತಿ ಬಳಸದೆ ನಡೆದದ್ದನ್ನು ಹೇಳಿದಳು. ಮೊದಲು ಅವರು ಹಗುರವಾಗಿ, ಅಯ್ಯೋ, ಅಷ್ಟೇನಾ, ಇನ್ನು ಮೇಲೆ ಹೇಳುವುದಿಲ್ಲ ಬಿಡಿ, ಪುಟ್ಟಸ್ವಾಮಿಗೂ ಇವತ್ತೇ ಹೇಳುತ್ತೇನೆ ಎಂದರು.

"ಮತ್ತೆ ನೀವೇ ಹೇಳ್ತೀರಲ್ಲ," ಎಂದಳು ವಾಣಿ. "ನೀವು ಒಳ್ಳೇದಕ್ಕೇ ಹೇಳಿದ್ರಿ. ನಾನೂ ನಿಮಗೆ ಬೇಜಾರಾಗ್ಬಾರ್ದು ಅಂತ ತಿಂದೆ. ಹಿಂಗೇ ತಿಂತಾ ಹೋದ್ರೆ ಇವಳಿಗೆ ಇದೇ ಇಷ್ಟ ಅಂತ ಎಲ್ರೂ ಅಂದ್ಕೋತಾರೆ. ಆಮೇಲೆ ನಾನೂ ಅಂದ್ಕೋತೀನಿ. ಒಂದ್ಸಲ ಹಂಗೆ ಬದುಕಿ ಆಗಿದೆ. ನನ್ನ ಕೈಲಿ ಇನ್ನೊಂದ್ಸಲ ಆಗಲ್ಲ."

ಗಂಗಾಧರಸ್ವಾಮಿ ಹೊಳೆಯ ಕಡೆ ತಿರುಗಿದರು. ಕೋಪ ಬಂದಿರಬೇಕು ಎಂದು ವಾಣಿ ತಿಳಿದಳು. ಅವರ ಮುಖ ನೋಡಿದರೆ ಕೋಪವಿರಲಿಲ್ಲ, ಬಣ್ಣ ಇಳಿದಿತ್ತು. ಅವರು ಹೊಳೆಯ ಕಡೆಗೇ ನೋಡುತ್ತಾ ಮಾತಾಡಿದರು.

"ನಮ್ಮನೆಯವ್ಳಿಗೆ ಇಡ್ಲಿ ಅಂದ್ರೆ ಪ್ರಾಣ ಅಂತ ನಾನು ಎಲ್ರಿಗೂ ಹೇಳೋನು ಕಣ್ರೀ. ಮದ್ವೆಯಾದ ಹೊಸ್ದ್ರಲ್ಲಿ ಒಂದಿನ ಅವಳಿಗೆ ಜ್ವರ ಬಂದಿತ್ತು. ಹೋಟ್ಲಲ್ಲಿ, ಅವಳಿಗೆ ಇಡ್ಲಿ ಕೊಡಪ್ಪ ಅಂದೆ. ಆಮೇಲೆ ಯಾವ ಹೋಟ್ಲಿಗೆ ಹೋದ್ರೂ ಕೂರೋಕ್ ಮುಂಚೇನೇ ಹೇಳ್ಬುಡೋನು, ನನಗೆ ದೋಸೆ, ಅವಳಿಗೆ ಇಡ್ಲಿ. ಅವಳು ಒಂದಿನಾನೂ ಏನೂ ಅನ್ಲಿಲ್ಲ."

ವಾಣಿ ಅವರ ಕಡೆ ತಿರುಗಿ ಕೂತಳು.

"ಹೋದ ಭಾನುವಾರ ನಾನು ಬರ್ಲಿಲ್ಲ ನೋಡಿ, ಅವತ್ತು ಮಗಳ ಮನೇಲಿ ನಮ್ಮನೆಯವ್ಳ ವರ್ಷದ ಪೂಜೆ. ಅಮ್ಮಂಗೆ ಇಷ್ಟವಾದದ್ದು ಎಡೆ ಇಡಬೇಕು, ಏನ್ ಮಾಡ್ಲಿ ಅಪ್ಪ ಅಂತ ಶಿವಾನಿ ಕೇಳಿದ್ಲು."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು.

"ಇಡ್ಲಿ ಅಂದೆ," ಎಂದರು.