ಬಿಳಿ ಟೋಪಿ ತೊಟ್ಟು ಗುಡ್ಡ ಹತ್ತಿದ ಭಾನುವಾರ

ನವೆಂಬರ್ ಕೊನೆ ಬಂತೆಂದರೆ ನಮ್ಮ ವೆಸ್ಟ್ ವರ್ಜೀನಿಯಾದ ಗುಡ್ಡಗಳಲ್ಲಿ ಎರಡು ಬಗೆಯ ಜನ ಓಡಾಡುತ್ತಾರೆ. ಜಿಂಕೆ ಹೊಡೆಯಲು ಹೊರಟವರು ಕೆಲವರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಉಂಡದ್ದನ್ನು ಅರಗಿಸಿಕೊಳ್ಳಲು ಹೊರಟವರು ಇನ್ನು ಕೆಲವರು. ಕಾಡು ಮಾತ್ರ ಒಂದೇ. ತೊಂದರೆ ಶುರುವಾಗುವುದೇ ಅಲ್ಲಿ.

ಆರ್ಫಾ ಟೀಟರ್‌ಗೆ ಎಪ್ಪತ್ತು ದಾಟಿದೆ. ಹಬ್ಬದ ನಂತರದ ಭಾನುವಾರ ಚರ್ಚ್ ಮುಗಿಸಿ, ಮನೆಮಂದಿಯೆಲ್ಲ ಹಿತ್ತಲಿನ ಆಚೆಯ ಗುಡ್ಡ ಹತ್ತುವುದು ಅವಳ ಮನೆಯ ಪದ್ಧತಿ. ಒಂದು ಗಂಟೆಯ ನಡಿಗೆ, ಅಷ್ಟೆ. ಆದರೆ ತುದಿ ಮುಟ್ಟುವವರೆಗೆ ಯಾರೂ ತುಟಿ ಬಿಚ್ಚಕೂಡದು. ಕಾಡಿಗೆ ಮರ್ಯಾದೆ ಕೊಡುವುದನ್ನು ಮಕ್ಕಳು ಹೀಗೇ ಕಲಿಯಬೇಕೆಂದು ಆರ್ಫಾಳ ಹಟ. ಮುಂದಾಳು ಅವಳೇ. ಹರೆಯದಲ್ಲಿ ಅವಳು ಹೊಡೆದ ಜಿಂಕೆಯ ಕೊಂಬು ಇವತ್ತಿಗೂ ಅಡುಗೆಮನೆಯ ಬಾಗಿಲ ಮೇಲಿದೆ. ಮನೆಗೆ ಬಂದವರು ಅದರ ಕಥೆ ಕೇಳದೆ ಕಾಫಿ ಕುಡಿಯುವಂತಿಲ್ಲ.

ಈ ಸಲ ಗೇಟಿನ ಹತ್ತಿರ ವಿಲ್ಮಾ ಎದುರಾದಳು. ಪಕ್ಕದ ಮನೆಯವಳು, ಹೊಸ ಬೇಟೆಗಾರರಿಗೆ ಸುರಕ್ಷತೆಯ ಪಾಠ ಹೇಳಿಕೊಡುವವಳು. ತೋಳಿನ ಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಮೇಲಂಗಿಗಳ ರಾಶಿ.

"ಎಲ್ಲಾರೂ ಒಂದೊಂದು ಹಾಕ್ಕೊಳ್ಳಿ. ಕಾಡಲ್ಲಿ ಬಂದೂಕಿದೆ," ಎಂದಳು.

"ಇವತ್ತು ಭಾನುವಾರ ಕಣೇ!" ಆರ್ಫಾ ನಕ್ಕಳು. "ಭಾನುವಾರ ಯಾವನೇ ಬೇಟೆಗೆ ಹೋಗ್ತಾನೆ?"

"ಅಯ್ಯೋ ಮಾರಾಯ್ತಿ, ಭಾನುವಾರ ಬೇಟೆ ಬೇಡ ಅನ್ನೋ ಕಾಯ್ದೆ ಬದಲಾಗಿ ಎಷ್ಟೋ ವರ್ಷ ಆಯ್ತು. ವಾರವೆಲ್ಲಾ ದುಡಿಯೋರಿಗೆ ಬಿಡುವು ಸಿಗೋದೇ ಇವತ್ತು."

"ಇದು ನಮ್ಮ ಗುಡ್ಡ. ನಂಗೆ ಗೊತ್ತಾಗದೆ ಇಲ್ಲಿ ಒಂದು ಅಳಿಲೂ ಸೀನಲ್ಲ."

"ನಿಮ್ಮ ಗುಡ್ಡವೇ, ಯಾರು ಇಲ್ಲ ಅಂದ್ರು? ಗುಂಡಿಗೆ ಬೇಲಿ ಗೊತ್ತಾಗುತ್ತಾ?"

ಮಗ ವೆಂಡಲ್ ಒಂದು ಮೇಲಂಗಿ ತೊಟ್ಟ. ಸೊಸೆ ಲಿಡಿಯಾಳೂ ತೊಟ್ಟಳು. ಆರ್ಫಾ ಮಾತ್ರ ಕೈ ಚಾಚಲಿಲ್ಲ.

"ಈ ಬಣ್ಣ ಕಂಡ್ರೆ ಜಿಂಕೆಗಳೆಲ್ಲಾ ಓಟ ಕೀಳ್ತಾವೆ. ಆಮೇಲೆ ಮಗು ಏನು ನೋಡ್ಬೇಕು?"

"ಜಿಂಕೆ ಕಣ್ಣಿಗೆ ಇದು ಎದ್ದು ಕಾಣಲ್ಲ ಕಣೇ, ಮನುಷ್ಯರ ಕಣ್ಣಿಗೆ ಕಾಣುತ್ತೆ. ಅದಕ್ಕೇ ಇದನ್ನ ಹಾಕೋದು." ವಿಲ್ಮಾ ಆರ್ಫಾಳ ಆರು ವರ್ಷದ ಮೊಮ್ಮಗಳು ಟ್ಯಾನ್ಸಿಯ ಕಡೆ ತಿರುಗಿದಳು. ಮೈಮೇಲೆ ಕಂದು ಕೋಟು, ತಲೆಮೇಲೆ ಬಿಳಿ ಉಣ್ಣೆಯ ಟೋಪಿ. "ಈ ಬಿಳಿ ಟೋಪಿಯಂತೂ ಬೇಡವೇ ಬೇಡ. ಜಿಂಕೆ ಬಾಲ ಎತ್ತಿದಾಗ ಕಾಣೋದೂ ಇದೇ ಬಿಳಿ."

ಆ ಟೋಪಿ ಹೆಣೆದವಳು ಆರ್ಫಾ. ಅವಳ ಮುಖ ಕೆಂಪೇರಿತು.

"ನನ್ನ ಮೊಮ್ಮಗಳನ್ನ ಜಿಂಕೆ ಅನ್ನೋ ಕುರುಡ ಈ ಕಣಿವೇಲಿ ಇನ್ನೂ ಹುಟ್ಟಿಲ್ಲ!"

"ಸರಿ ಬಿಡು. ಸಾಯೋದಾದ್ರೂ ಅಂದವಾಗಿ ಸಾಯ್ಬೇಕು ನೀನು," ಎಂದು ವಿಲ್ಮಾ ಇನ್ನೆರಡು ಮೇಲಂಗಿಗಳನ್ನು ಲಿಡಿಯಾಳ ಚೀಲಕ್ಕೆ ತುರುಕಿ ಹೊರಟಳು. ಅವಳು ನಗಲಿಲ್ಲ.

"ಅತ್ತೆ, ಮಗುಗಾದ್ರೂ..." ಲಿಡಿಯಾ ಬಾಯಿ ತೆರೆದಳು.

"ಸುಮ್ನಿರಮ್ಮ. ದಾರಿ ಶುರುವಾಯ್ತು, ಇನ್ನು ಮಾತಿಲ್ಲ."

ಅಲ್ಲಿಗೆ ಆ ಮಾತು ನಿಂತಿತು. ನಾಲ್ವರೂ ಸದ್ದಿಲ್ಲದೆ ಹತ್ತಿದರು. ಟ್ಯಾನ್ಸಿ ಒಣ ಎಲೆ ಚುರುಗುಡದಂತೆ ಹೆಜ್ಜೆಯಿಡುತ್ತಿದ್ದಳು. ಅದನ್ನು ನೋಡಿ ಆರ್ಫಾಳ ಎದೆ ಉಬ್ಬಿತು. ಅರ್ಧ ಏರಿನಲ್ಲಿ ಅವಳಿಗೆ ಏದುಸಿರು ಬಂತು. ಯಾರಿಗೂ ತಿಳಿಯಬಾರದೆಂದು ಬೀಚ್ ಮರವೊಂದರ ತೊಗಟೆಯನ್ನು ಪರೀಕ್ಷಿಸುವವಳಂತೆ ನಿಂತಳು. ವೆಂಡಲ್, ಲಿಡಿಯಾ ಹತ್ತಿರ ಬಂದು ನಿಂತರು.

ಆಗ ಕಂಡಿತು. ಮೇಲಿನ ತಿರುವಿನಲ್ಲಿ, ಲಾರೆಲ್ ಪೊದೆಯ ಹಿಂದೆ, ಕಂದು ಬಣ್ಣದ್ದೇನೋ ಸರಿಯಿತು. ಬಿಳಿಯೊಂದು ಮಿನುಗಿ ಮರೆಯಾಗಿ ಮತ್ತೆ ಮಿನುಗಿತು.

ಆರ್ಫಾ ಮಗನ ಮುಂಗೈ ಹಿಡಿದಳು. "ಹೆಣ್ಣು ಜಿಂಕೆ," ಎಂದು ಪಿಸುಗುಟ್ಟಿದಳು. "ಓಕ್ ಮರದ ಎಡಕ್ಕೆ ನೋಡು."

ವೆಂಡಲ್ ನೋಡಿ ತಲೆಯಾಡಿಸಿದ. "ಈ ವಯಸ್ಸಲ್ಲೂ ಎಂಥಾ ಕಣ್ಣಮ್ಮ ನಿಂದು!"

ಹೆಮ್ಮೆಯಿಂದ ಅವಳ ಮೈ ಜುಮ್ಮೆಂದಿತು. ಬಲಭುಜ ತಾನಾಗಿ ಮುಂದಕ್ಕೆ ಬಾಗಿತು. ತೋರುಬೆರಳು ಬಂದೂಕಿನ ಕುದುರೆಯ ಮೇಲಿಟ್ಟಂತೆ ಮಡಚಿಕೊಂಡಿತು.

ಅಷ್ಟರಲ್ಲಿ ಆ ಜಿಂಕೆ ಎದ್ದು ನಿಂತು ಈ ಕಡೆ ತಿರುಗಿ, ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಎಲ್ಲರಿಗಿಂತ ಮೊದಲು ತುದಿ ಮುಟ್ಟಬೇಕೆಂದು ಟ್ಯಾನ್ಸಿ ಯಾರಿಗೂ ಹೇಳದೆ ಮುಂದೆ ಹೋಗಿಬಿಟ್ಟಿದ್ದಳು.

ಗುಡ್ಡದಾಚೆ ಎಲ್ಲೋ ಗುಂಡಿನ ಸದ್ದಾಯಿತು. ಭಾನುವಾರವೇ!

"ಟ್ಯಾನ್ಸೀ! ಕೂತ್ಕೋ! ಅಲ್ಲೇ ಕೂತ್ಕೋ!" ಆರ್ಫಾಳ ಕೂಗಿಗೆ ಕಾಡೇ ಅದುರಿತು. "ಜನ ಇದ್ದೀವಿ ಇಲ್ಲಿ! ಜನ!"

"ಕೇಳಿಸ್ತು! ಬಂದೂಕು ಇಳಿಸಿದ್ದೀನಿ!" ದೂರದಿಂದ ಗಂಡಸಿನ ದನಿಯೊಂದು ಬಂತು.

ಆರ್ಫಾ ಬಿದ್ದು ಎದ್ದು ಓಡಿದಳು. ಮಗುವಿನ ಟೋಪಿ ಕಿತ್ತು ತನ್ನ ಕೋಟಿನೊಳಗೆ ತುರುಕಿದಳು. ಲಿಡಿಯಾ ಚೀಲದಿಂದ ತೆಗೆದುಕೊಟ್ಟ ಮೇಲಂಗಿಯನ್ನು ಮಗುವಿಗೆ ತೊಡಿಸುವಾಗ ಅವಳ ಬೆರಳಿಗೆ ಗುಂಡಿ ಸಿಗಲಿಲ್ಲ.

"ಮಾತಾಡ್ಬಾರ್ದು ಅಂದಿದ್ಯಲ್ಲ ಅಜ್ಜಿ?"

"ಮಾತಾಡು ಚಿನ್ನ. ಬೇಕಾದ್ರೆ ಹಾಡೇ ಹೇಳು." ಸೊಸೆಯ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರಿತ್ತು. "ಕೈಲಿ ಬಂದೂಕಿದ್ದಿದ್ರೆ ನಾನೇ ಹೊಡೆದುಬಿಡ್ತಿದ್ದೆ ಲಿಡಿಯಾ. ನಾನೇ."

ಲಿಡಿಯಾ ಇನ್ನೊಂದು ಮೇಲಂಗಿ ತೆಗೆದು ಅತ್ತೆಗೆ ತೊಡಿಸಿ, ಗುಂಡಿ ಹಾಕಿದಳು.

ಆರ್ಫಾ ಇದನ್ನು ಮನೆಯೊಳಗೇ ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಎದ್ದು ನಿಂತಳು.

"ಈ ಕಣಿವೇಲಿ ನನಗಿಂತ ಚುರುಕು ಕಣ್ಣಿನೋರು ಯಾರಿದ್ದೀರಿ? ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ.

"ಹಾಗಾದ್ರೆ ಕೇಳಿ. ಹೋದ ವಾರ ನಾನು ನನ್ನ ಮೊಮ್ಮಗಳನ್ನೇ ಜಿಂಕೆ ಅಂದ್ಕೊಂಡೆ. ವಿಲ್ಮಾ ಹೇಳಿದ್ಲು, ನಾನು ಕೇಳ್ಲಿಲ್ಲ. ನೀವಾದ್ರೂ ಕೇಳಿ."

ಹಿಂದಿನ ಸಾಲಿನಲ್ಲಿದ್ದ ವಿಲ್ಮಾ ಮೂಗು ಒರೆಸಿಕೊಂಡಳು. ಅವಳು ತಂದಿದ್ದ ಮೇಲಂಗಿಗಳು ಚರ್ಚಿನ ಮೆಟ್ಟಿಲ ಮೇಲೇ ಖಾಲಿಯಾದವು. ಎಷ್ಟು ಧೈರ್ಯ ಆ ಮುದುಕಿಗೆ, ಎಂದು ಯಾರೋ ಮೆಚ್ಚಿಕೊಂಡರು. ಲಿಡಿಯಾ ತಲೆಯೆತ್ತಿ ಅವರತ್ತ ತಿರುಗಿದಳು: "ನಮ್ಮತ್ತೆ ಕಣ್ರೀ ಅವರು!"

ಅಕ್ಕಂದಿರೇ, ಅಣ್ಣಂದಿರೇ, ಬೇಟೆಯ ಕಾಲದಲ್ಲಿ ಕಾಡಿಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಆದರೆ ಹಿಂದೆ ಮುಂದೆ ಎರಡೂ ಕಡೆ ಕಾಣುವಂತೆ ಕಿತ್ತಳೆ ತೊಡಿ, ನಾಯಿಗೂ ತೊಡಿಸಿ. ಬಿಳಿ, ಕಂದು ಮನೆಯಲ್ಲೇ ಇರಲಿ. ಗುಂಡಿನ ಸದ್ದು ಕೇಳಿದರೆ ನಾಚಿಕೆ ಬಿಟ್ಟು ಕೂಗಿ. ಭಾನುವಾರ ಅಲ್ಲವೇ, ನಮ್ಮದೇ ಗುಡ್ಡ ಅಲ್ಲವೇ ಎನ್ನಬೇಡಿ. ನಿಮ್ಮ ಮಗು ನಿಮ್ಮ ಕಣ್ಣಿಗೆ ಮಗುವೇ. ಪೊದೆಯಾಚೆ ಬಂದೂಕು ಹಿಡಿದು ಕುಳಿತವನ ಕಣ್ಣಿಗೂ ಅದು ಮಗುವಾಗಿಯೇ ಕಾಣಲಿ.