ಹಾಕದ ಮದ್ದು

ನನ್ನ ಗಂಡನಿಗೆ ನಾನು ಮದ್ದು ಹಾಕಿದೀನಂತೆ. ಆಸ್ಪತ್ರೆ ಮದ್ದಲ್ಲ. ಗಂಡ ತನ್ನ ಮಾತು ಮೀರದೆ, ಸೆರಗು ಹಿಡ್ಕೊಂಡು ಓಡಾಡ್ಲಿ ಅಂತ ಹೆಂಡತಿ ಗುಟ್ಟಾಗಿ ಅನ್ನದಲ್ಲಿ ಕಲಸಿ ಹಾಕ್ತಾಳೆ ಅಂತಾರಲ್ಲ, ಆ ಮದ್ದು. ಅದು ಹೊಟ್ಟೇಲಿ ಕೂತು ಬೆಳೆಯುತ್ತಂತೆ, ಕರುಳಿಗೆ ಕಚ್ಕೊಳ್ಳುತ್ತಂತೆ, ಆಮೇಲೆ ಮನುಷ್ಯ ಒಣಗಿ ಹೋಗ್ತಾನಂತೆ. ನಾನು ಹಾಕಿದ್ದೇ ನಿಜ ಆಗಿದ್ರೆ ಈ ಮನುಷ್ಯ ಒಂದು ದಿನಾದ್ರೂ ನನ್ನ ಮಾತು ಕೇಳ್ಬೇಕಿತ್ತೋ ಬೇಡ್ವೋ? ಬಾತ್‌ರೂಮ್ ಲೈಟ್ ಆರಿಸಿ ಬನ್ನಿ ಅಂತ ಮದುವೆ ಆದಾಗಿನಿಂದ ಬಡ್ಕೊಳ್ತಿದೀನಿ. ಅದು ಇನ್ನೂ ಉರೀತಾನೇ ಇದೆ.

ಶುರುವಾಗಿದ್ದು ಮಾಲೂರಲ್ಲಿ. ನಮ್ಮತ್ತೆ ಭಾರತಮ್ಮನವರ ತಮ್ಮ ಅಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಕೊಂಡಿದ್ರು. ಬೇಸಿಗೆ ಬಿಸಿಲು, ಶಾಮಿಯಾನದ ಕೆಳಗೆ ಬೆಳಗ್ಗೆಯಿಂದ ಇಟ್ಟಿದ್ದ ಮೊಸರನ್ನ. ಬಡಿಸೋಕೆ ಬಂದಾಗಲೇ ಹುಳಿ ವಾಸನೆ ಹೊಡೀತಿತ್ತು. ನಾನು ಬೇಡ ಅಂದೆ. ನನ್ನ ಗಂಡ ಅಮರನಾಥ್ ಎರಡು ಸಲ ಹಾಕಿಸ್ಕೊಂಡ್ರು, ಮಾವ ಬೇಜಾರ್ ಮಾಡ್ಕೊಳ್ತಾರೆ ಅಂತ. ಮನೆಗೆ ಬಂದ ಮೇಲೆ ನೆಂಟರೆಲ್ಲರಿಗೂ ವಾಂತಿ ಭೇದಿ. ಎಳನೀರು ಕುಡಿದು, ಮಾತ್ರೆ ನುಂಗಿ ಒಬ್ಬೊಬ್ಬರೇ ಎದ್ದು ಕೂತ್ರು. ಇವರಿಗೆ ಮಾತ್ರ ನಿಲ್ಲಲಿಲ್ಲ.

ಇವರು ವೇಮಗಲ್ ಹತ್ರದ ಒಂದು ಫ್ಯಾಕ್ಟರೀಲಿ ಮಷಿನ್ ನೋಡ್ಕೊಳ್ತಾರೆ. ಶಿಫ್ಟಲ್ಲಿ ಅರ್ಧ ಹೊತ್ತು ಮಷಿನ್ ಮುಂದೆ, ಅರ್ಧ ಹೊತ್ತು ಟಾಯ್ಲೆಟ್ಟಲ್ಲಿ. ಮುದ್ದೆ ಮುಂದೆ ಕೂತ್ರೆ ಎರಡು ತುತ್ತಿಗೆ ಎದ್ದು ಬಿಡೋರು. ಏನಾಗಿದೆ ಅಂದ್ರೆ ಉಷ್ಣ ಕಣೇ ಅನ್ನೋರು. ಕೊನೆಗೊಂದು ದಿನ ಬಟ್ಟೆ ಒಗೆಯುವಾಗ ರಕ್ತ ನೋಡಿದ್ದು ನಾನು. ಹೆಂಡತಿ ಹತ್ರ ಅದನ್ನ ಹೇಳೋಕೆ ನಾಚಿಕೆಯಂತೆ. ಉಷ್ಣಕ್ಕೆ ಯಾರಿಗಾದ್ರೂ ಆ ಪಾಟಿ ರಕ್ತ ಹೋಗುತ್ತಾ? ಆಸ್ಪತ್ರೆಗೆ ಹೋಗೋಣ ಅಂದೆ. ನಾಳೆ ಅಂದ್ರು. ಅವರ ನಾಳೆ ಎಂಥದ್ದು ಅಂತ ನಂಗೆ ಗೊತ್ತಿಲ್ವಾ.

ಇಷ್ಟರಲ್ಲಿ ನಮ್ಮತ್ತೆ ತನಿಖೆ ಮುಗಿಸಿದ್ರು. ಮಾಲೂರಲ್ಲಿ ಉಂಡೋರೆಲ್ಲ ಗುಂಡುಕಲ್ಲಿನಂಗೆ ಓಡಾಡ್ತಾವ್ರೆ, ನಮ್ಮ ಅಮರ ಒಬ್ಬನೇ ಬಿದ್ದವ್ನೆ. ಅಂದ್ಮೇಲೆ ತಪ್ಪು ಮಾಲೂರಿನ ಊಟದ್ದಲ್ಲ, ಮನೆ ಊಟದ್ದು. ಮನೇಲಿ ಅಡುಗೆ ಮಾಡೋಳು ಯಾರು? ಶ್ರೀವಾಣಿ, ಅಂದ್ರೆ ನಾನು. ಮುಗೀತು. ಪೊಲೀಸ್‌ನೋರೂ ಇಷ್ಟು ಬೇಗ ಕೇಸು ಮುಗಿಸಲ್ಲ. ಅತ್ತೆಯ ಅಕ್ಕ ಆದಿಲಕ್ಷ್ಮಮ್ಮ ಮುಳಬಾಗಿಲಿಂದ ಫೋನ್ ಮಾಡಿ, ತಾಯಲೂರಿನ ಆಚೆ ಕದಿರಮ್ಮ ಅಂತ ಒಬ್ಬಳು ಮದ್ದು ಕಕ್ಕಿಸ್ತಾಳೆ, ಕರ್ಕೊಂಡು ಬನ್ನಿ ಅಂದ್ರು. ಒಂದ್ಸಲ ಹೋಗ್ಬರೋಣ ಬಾ ಅಂದ್ರು ಇವರು. ಆಸ್ಪತ್ರೆಗೆ ನಾಳೆ, ಕದಿರಮ್ಮನ ಹತ್ರ ಇವತ್ತೇ.

ಕದಿರಮ್ಮನ ಮನೆ ಮುಂದೆ ಕಾರುಗಳು ನಿಂತಿದ್ವು. ಆಕೆ ಇವರ ಹೊಟ್ಟೆ ಒತ್ತಿ ನೋಡಿ, ಬೇಲಿ ಮೇಲೆ ಹಬ್ಬೋ ದೂಸರಿ ಬಳ್ಳಿ ಎಲೆ ಹಿಂಡಿ, ರಸಾನ ಇವರ ಅಂಗೈಗೆ ಬಿಟ್ಟಳು. ಹೆಪ್ಪುಗಟ್ಟಿದ್ರೆ ಹೊಟ್ಟೇಲಿ ಮದ್ದಿದೆ ಅಂತ ಲೆಕ್ಕ. ಸ್ವಲ್ಪ ಹೊತ್ತಿಗೆ ರಸ ಗಟ್ಟಿ ಮೊಸರಿನ ಥರ ಹೆಪ್ಪಾಯ್ತು. "ಎವರೋ ಮಂದು ಪೆಟ್ಟಿನಾರಮ್ಮಾ," ಅಂತ ತೆಲುಗಲ್ಲಿ ರಾಗ ಎಳೆದಳು. ಯಾರೋ ಮದ್ದು ಇಟ್ಟಿದ್ದಾರೆ. ಅತ್ತೆ ಸೆರಗು ಬಾಯಿಗೆ ಒತ್ಕೊಂಡು ನನ್ನ ಕಡೆ ನೋಡಿದ್ರು.

ನಂಗೆ ನಗು ಬಂತು. ಆ ಎಲೆ ರಸ ಯಾರ ಕೈಗೆ ಬಿಟ್ರೂ ಹೆಪ್ಪಾಗುತ್ತೆ. ಚಿಕ್ಕವರಿದ್ದಾಗ ನಾವೆಲ್ಲ ತೆಂಗಿನ ಚಿಪ್ಪಲ್ಲಿ ಹಿಂಡಿಟ್ಟು ಮೊಸರು ಮಾರೋ ಆಟ ಆಡ್ತಿದ್ವಿ. ಚಿಪ್ಪಿಗೆ ಯಾವ ಸೊಸೆ ಮದ್ದು ಹಾಕಿದ್ಳು? "ಎಲ್ಲಿ, ನನ್ನ ಕೈಗೂ ಬಿಡಮ್ಮ," ಅಂತ ಅಂಗೈ ಚಾಚಿದೆ. ಬಿಟ್ಟಳು. ನನ್ನ ಕೈಯಲ್ಲೂ ಹೆಪ್ಪಾಯ್ತು. ಈಗ ಹೇಳಿ ಅತ್ತೆ, ನಂಗ್ಯಾರು ಹಾಕಿದ್ರು ಅಂತ ಕೇಳಿದೆ.

ಕದಿರಮ್ಮನ ಮುಖದಲ್ಲಿ ಒಂದು ಗೆರೆನೂ ಅಲ್ಲಾಡಲಿಲ್ಲ. "ಮದ್ದು ಕಲಸಿದ ಕೈ ಅಲ್ವಾ," ಅಂದಳು.

ಬುದ್ಧಿವಂತಿಕೆ ತೋರಿಸೋಕೆ ಹೋಗಿ ನನ್ನ ಕೈಯಾರೆ ಸಾಕ್ಷಿ ಕೊಟ್ಟು ಬಂದೆ. ಆಮೇಲೆ ಆಕೆ ಇವರಿಗೆ ಏನೋ ಕಷಾಯ ಕುಡಿಸಿ, ಕರುಳು ಕಿತ್ತು ಬರೋ ಹಂಗೆ ವಾಂತಿ ಮಾಡಿಸಿದಳು. ಮೊದಲೇ ಮೂಳೆ ಚಕ್ಕಳ ಆಗಿದ್ದ ಮನುಷ್ಯ. ವಾಂತಿ ಒಳಗೆ ಕಡ್ಡಿ ಆಡಿಸಿ ಒಂದು ಕರೀ ಉಂಡೆ ಎತ್ತಿ ತೋರಿಸಿದಳು. ಹುಣಸೆಹಣ್ಣಿನ ಉಂಡೆ ಅಂತ ನಾನು ಹೇಳಿದ್ರೆ ಕೇಳೋರ್ಯಾರು. ಬೇರು ಇನ್ನೂ ಒಳಗಿದೆ, ಹೆಂಡತಿ ಕೈಯಲ್ಲಿ ಏನೂ ತಿನ್ನಬೇಡ, ಮದ್ದಿರೋ ಮೈಗೆ ಸೂಜಿ ಚುಚ್ಚಿಸ್ಬೇಡ, ಪ್ರಾಣ ಹೋಗುತ್ತೆ ಅಂತ ಹೇಳಿ ಕಳಿಸಿದಳು.

ಅವತ್ತಿಂದ ಒಲೆ ಅತ್ತೇದು. ನಾನು ನೀರು ಕೊಟ್ರೂ ಇವರು ಲೋಟ ಪಕ್ಕಕ್ಕಿಟ್ಟು, ಅಮ್ಮಾ ನೀರು ಅನ್ನೋರು. ಹೊಟ್ಟೆ ಉರೀತಿತ್ತು ನಂಗೆ. ಅವಮಾನ ಒಂದು ಕಡೆ ಇರ್ಲಿ, ಆ ಮನುಷ್ಯ ನನ್ನ ಕಣ್ಣ ಮುಂದೆ ಸಾಯ್ತಿದ್ದಾನಲ್ಲ ಅಂತ. ರಕ್ತ ನಿಂತಿರ್ಲಿಲ್ಲ. ಕೈ ಕಾಲು ಕಡ್ಡಿ. ಸೂಜಿ ಅಂದ್ರೆ ತಾಯಿ ಮಗ ಇಬ್ಬರೂ ಬೆಚ್ಚಿ ಬೀಳೋರು. ಒಂದು ಬೆಳಗ್ಗೆ ಡ್ಯೂಟಿಗೆ ಹೊರಟೋರು ಗೇಟ್ ಹತ್ರ ಕುಸಿದು ಬಿದ್ರು.

ಪಕ್ಕದ್ಮನೆ ಆಂಜಿ ಆಟೋ ತಂದ. ಅತ್ತೆ ಆಟೋ ಮುಂದೆ ನಿಂತು, ಸೂಜಿ ಚುಚ್ಚಿಸಲ್ಲ ಅಂತ ಆಣೆ ಮಾಡು ಅಂದ್ರು. "ಹತ್ತೋದಾದ್ರೆ ಹತ್ತಿ, ಇಲ್ದಿದ್ರೆ ದಾರಿ ಬಿಡಿ," ಅಂದೆ. ಆಂಜಿ ಹಾರ್ನ್ ಹೊಡೆದ. ಅತ್ತೆ ಹತ್ತಿದ್ರು.

ಕೋಲಾರದ ಆಸ್ಪತ್ರೇಲಿ ಮೇಘನ ಅಂತ ಡಾಕ್ಟ್ರಮ್ಮ. ಎಷ್ಟು ಸೂಜಿ ಚುಚ್ಚಿದ್ರೋ, ಪ್ರಾಣವಂತೂ ಎಲ್ಲಿಗೂ ಹೋಗ್ಲಿಲ್ಲ. ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡಿ, ದೊಡ್ಡ ಕರುಳೆಲ್ಲ ಹುಣ್ಣಾಗಿದೆ ಅಂದ್ರು. ಬೇರು ಇಲ್ಲ, ಉಂಡೆ ಇಲ್ಲ. ನಮ್ಮನ್ನ ಕೂರಿಸ್ಕೊಂಡು, ನಡೆದಿದ್ದೆಲ್ಲ ಕೇಳಿ, ನಿಧಾನವಾಗಿ ಹೇಳಿದ್ರು.

"ಮೊಸರನ್ನದ ಕ್ರಿಮಿ ಯಾವಾಗಲೋ ಹೋಗಿದೆ. ಅದನ್ನ ಓಡಿಸೋಕೆ ಎದ್ದಿದ್ದು ಇವರ ಮೈಯ ರೋಗನಿರೋಧಕ ಶಕ್ತಿ. ಕರುಳಿಗೆ ನೀರು ಬಿಟ್ಟು, ಬೇಗ ಬೇಗ ತಳ್ಳಿಸಿ, ಕ್ರಿಮೀನ ಆಚೆ ಹಾಕೋದು ಅದರ ಕೆಲಸ. ಹಸಿವು ಹೋಗೋದೂ ಅದರಿಂದಲೇ. ಎಲ್ಲರ ಮೈಯಲ್ಲೂ ಕೆಲಸ ಮುಗಿದ ಮೇಲೆ ಅದು ಸುಮ್ಮನಾಗುತ್ತೆ. ಇವರ ಮೈಯಲ್ಲಿ ಆಗಿಲ್ಲ. ಈಗ ಕರುಳನ್ನೇ ಹೊಡೀತಿದೆ."

ಅತ್ತೆಗೆ ಅರ್ಥ ಆಗ್ಲಿಲ್ಲ ಅಂತ ಇನ್ನೊಂದು ಥರ ಹೇಳಿದ್ರು. "ಮನೆಗೆ ಕಳ್ಳ ಬಂದಿದ್ದ, ನಾಯಿ ಓಡಿಸ್ತು. ಕಳ್ಳ ಹೋದ. ಆದ್ರೆ ನಾಯಿ ರೇಗಿಬಿಟ್ಟಿದೆ ಅಜ್ಜಿ, ಮನೆಯೋರನ್ನೇ ಕಚ್ತಿದೆ. ನಾಯೀನ ತಣ್ಣಗೆ ಮಾಡೋಕೆ ಔಷಧಿ ಕೊಡ್ತೀವಿ. ತುಂಬ ದಿನ ತಗೋಬೇಕಾಗುತ್ತೆ."

"ಬೇರೆ ಯಾರ ನಾಯೀನೂ ರೇಗಲಿಲ್ವಲ್ಲ?" ಅಂದ್ರು ಅತ್ತೆ.

"ಕೆಲವರ ಮೈ ಹಂಗೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಯಾರೂ ಏನೂ ಹಾಕಿಲ್ಲ, ಅದು ಮಾತ್ರ ಗೊತ್ತು. ನೀವು ವಾಂತಿ ಮಾಡಿಸಿದ್ದು, ತಡ ಮಾಡಿದ್ದೇ ಪ್ರಾಣಕ್ಕೆ ಬರ್ತಿತ್ತು."

ಅತ್ತೆ ಯೋಚನೆ ಮಾಡಿದ್ರು. ಆಮೇಲೆ ನನ್ನ ಕಡೆ ತಿರುಗಿ, "ಅಂಗಾದ್ರೆ ನಾಯೀನ ರೇಗಿಸಿದ್ದು ಯಾರು?" ಅಂದ್ರು. ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ್ರು.

ನಾನು ಅತ್ತೆಯ ಆಸೆ ಬಿಟ್ಟಿದ್ದೆ. ಇವರು ಹಾಸಿಗೆ ಮೇಲೆ ಎಲ್ಲಾನೂ ಕೇಳಿಸ್ಕೊಂಡ್ರಲ್ಲ, ಅಷ್ಟು ಸಾಕಿತ್ತು ನಂಗೆ. ಎಂಟನೇ ಕ್ಲಾಸೂ ಓದದ ಅಮ್ಮ ಬೇರೆ, ಡಿಪ್ಲೊಮಾ ಮಾಡಿದ ಮಗ ಬೇರೆ ಅಂದ್ಕೊಂಡೆ. ಔಷಧಿ ಹಿಡೀತು. ರಕ್ತ ಕಮ್ಮಿ ಆಯ್ತು, ನಿಂತೂ ಹೋಯ್ತು. ಒಂದು ಬೆಳಗ್ಗೆ, "ವಾಣಿ, ಹೊಟ್ಟೆ ಹಸೀತಿದೆ ಕಣೇ," ಅಂದ್ರು. ಆ ಮಾತು ಕೇಳಿ ಎಷ್ಟು ಕಾಲ ಆಗಿತ್ತು. ಅಳು ಬಂದ್ಬಿಡ್ತು, ಸುಳ್ಳು ಯಾಕೆ ಹೇಳ್ಲಿ.

ಬಸ್ ಹಿಡಿದು ಮನೆಗೆ ಹೋದೆ. ಖಾರ ಇಲ್ಲದೆ, ಒಗ್ಗರಣೆ ಇಲ್ಲದೆ ಮೆತ್ತಗೆ ಕೊಡಿ ಅಂದಿದ್ರು ಡಾಕ್ಟ್ರಮ್ಮ. ಅನ್ನ ಬೆಣ್ಣೆ ಥರ ಬೇಯಿಸಿ, ಅವತ್ತೇ ಹೆಪ್ಪಾದ ಸಿಹಿ ಮೊಸರು ಹಾಕಿ ಕೈಯಲ್ಲೇ ಹಿಸುಕಿದೆ. ನಾನು ಬೆಳಗ್ಗೆಯಿಂದ ಕಾಫಿ ಕೂಡ ಕುಡಿದಿರ್ಲಿಲ್ಲ. ಡಬ್ಬಿ ಬಿಸಿ ಆರೋದ್ರೊಳಗೆ ಮುಟ್ಟಿಸ್ಬೇಕು ಅಂತ ವಾಪಸ್ ಬಸ್ ಹತ್ತಿ, ವಾರ್ಡಿಗೆ ಓಡ್ಕೊಂಡು ಬಂದೆ.

ಇವರು ಎದ್ದು ಕೂತ್ರು. ಮುಚ್ಚಳ ತೆಗೆದು ವಾಸನೆ ನೋಡಿದ್ರು, ಮುಖ ಅರಳ್ತು. ಸ್ಪೂನ್ ತುಂಬ ತಗೊಂಡ್ರು. ಬಾಯಿಗೆ ಇಟ್ಕೊಳ್ಳಲಿಲ್ಲ. ನನ್ನ ಕಡೆ ಚಾಚಿದ್ರು.

"ಮೊದ್ಲು ನೀನೊಂದು ತುತ್ತು ತಿನ್ನು."

"ಯಾಕೆ?"

"ಏನಿಲ್ಲ, ಅಮ್ಮನ ಸಮಾಧಾನಕ್ಕೆ."

ಅತ್ತೆ ಅಲ್ಲಿರ್ಲೇ ಇಲ್ಲ. ನಾನು ಬರ್ತಿದ್ದಂಗೆ, ಬಟ್ಟೆ ಬದಲಾಯಿಸೋಕೆ ಅಂತ ಮನೆಗೆ ಹೊರಟು ಹೋಗಿದ್ರು. ವಾರ್ಡಲ್ಲಿ ಇದ್ದಿದ್ದು ನಾವಿಬ್ರು, ಪಕ್ಕದ ಮಂಚದಲ್ಲಿ ನಿದ್ದೆ ಮಾಡ್ತಿದ್ದ ಒಬ್ಬ ಮುದುಕ, ಅಷ್ಟೇ.

ಎದೆ ಒಡೆದು ಹೋಯ್ತು ನಂಗೆ. ಸ್ಪೂನ್ ಇಸ್ಕೊಂಡೆ, ತಿಂದೆ. ಇವರು ನನ್ನ ಗಂಟಲನ್ನೇ ನೋಡ್ತಿದ್ರು, ಒಳಗೆ ಇಳೀತಾ ಅಂತ. ಇಳಿದ ಮೇಲೆ ಡಬ್ಬಿಗೆ ಕೈ ಚಾಚಿದ್ರು. ನಾನು ಕೊಡಲಿಲ್ಲ. ಸ್ಟೂಲ್ ಎಳ್ಕೊಂಡು ಕೂತು ಎರಡನೇ ತುತ್ತು ತಿಂದೆ, ಮೂರನೇದು ತಿಂದೆ. "ವಾಣಿ, ನಂಗೆ ಹಸಿವು," ಅಂದ್ರು. ಅನ್ನ ಚೆನ್ನಾಗಿ ಬೆಂದಿತ್ತು, ಉಪ್ಪು ಹದವಾಗಿತ್ತು. ತಳ ಕೆರೆದು ಪೂರ್ತಿ ತಿಂದೆ.

"ಕೆಳಗೆ ಕ್ಯಾಂಟೀನ್ ಇದೆ. ಅಲ್ಲಿ ಅಡುಗೆ ಮಾಡೋಳು ನಿಮ್ಮ ಹೆಂಡ್ತಿ ಅಲ್ಲ, ಧೈರ್ಯವಾಗಿ ತಿನ್ನಿ," ಅಂದೆ. ನಲ್ಲಿ ಹತ್ರ ಡಬ್ಬಿ ತೊಳ್ಕೊಂಡು, ಶ್ರೀನಿವಾಸಪುರದ ನಮ್ಮಮ್ಮನ ಮನೆ ಬಸ್ ಹತ್ತಿದೆ.